ಇಲ್ಲದ ಕೈಯ ಆಣೆ

ನಮ್ಮ ಭಾವ ಚಿಕ್ಕಬೀರಯ್ಯನ ಬಲಗಡೆ ಯಾರೂ ಕೂರುವಂತಿರಲಿಲ್ಲ. ಮೊದಲು ನನಗದು ಗೊತ್ತಿರಲಿಲ್ಲ. ಅವರು ಆಸ್ಪತ್ರೆಯಿಂದ ಬಂದ ಮೇಲೆ ನೋಡಿಕೊಂಡು ಬರೋಣವೆಂದು ಗುಬ್ಬಿಗೆ ಹೋದವಳು, ಜಗಲಿಯ ಮೇಲೆ ಅವರ ಪಕ್ಕದಲ್ಲೇ ಕೂತೆ. "ಅಯ್ಯೋ, ಕೈ ಕಣಮ್ಮ! ಕೈ ಮೇಲೆ ಕೂತ್ಬುಟ್ಟೆ!" ಎಂದು ಅರಚಿದರು. ದಡಬಡಿಸಿ ಎದ್ದೆ. ಕೂತ ಜಾಗದಲ್ಲಿ ಏನೂ ಇರಲಿಲ್ಲ, ಸಗಣಿ ಸಾರಿಸಿದ ಬರಿಯ ಜಗಲಿ. ಅವರ ಅಂಗಿಯ ಬಲತೋಳನ್ನು ಅಕ್ಕ ಮೊಣಕೈಯ ಕೆಳಗೆ ಮಡಚಿ ಗಂಟು ಹಾಕಿದ್ದಳು. ಭಾವ ಆ ಗಂಟಿನಿಂದ ಮುಂದಕ್ಕೆ, ಖಾಲಿ ಗಾಳಿಯನ್ನು ಎಡಗೈಯಿಂದ ಮೆಲ್ಲಗೆ ಸವರುತ್ತ ಕೂತಿದ್ದರು. ನನಗೆ ನಗು ಬರಬೇಕಿತ್ತೋ ಅಳು ಬರಬೇಕಿತ್ತೋ ತಿಳಿಯಲಿಲ್ಲ. ಬಂದದ್ದು ಹೆದರಿಕೆ.

ಅದು ಎಪ್ಪತ್ತಾರನೇ ಇಸವಿಯ ಬೇಸಿಗೆಯ ಕೊನೆ. ನಾನು ಆಗ ತುಮಕೂರಿನಲ್ಲಿ ವಕೀಲರಾದ ಖುರ್ಷಿದ್ ಪಾಷಾ ಅವರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಶೆಟ್ಟಿಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಒಬ್ಬಳೇ ಇದ್ದಾಳೆಂದು ಊರ್ಡಿಗೆರೆಯ ನಮ್ಮ ನೆಂಟರೆಲ್ಲ ಏನೇನೋ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಅಂತ ಬಿಟ್ಟಿದ್ದೆ. ನನ್ನ ಅಕ್ಕ ರಂಗಲಕ್ಷ್ಮಮ್ಮ ಮಾತ್ರ ನನ್ನ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಅವಳ ಗಂಡನೇ ಈ ಚಿಕ್ಕಬೀರಯ್ಯ, ಕುಣಿಗಲ್ ತಾಲ್ಲೂಕು ಹುತ್ರಿದುರ್ಗದ ಕಡೆಯವರು. ಗುಬ್ಬಿಯ ಒಂದು ಕೊಬ್ಬರಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ಲಿನವರೇ ಕೊಟ್ಟ ಸಾಲುಮನೆಯಲ್ಲಿ ಸಂಸಾರ.

ಒಣಕೊಬ್ಬರಿಯ ಚೂರುಗಳನ್ನು ಯಂತ್ರದ ಬಾಯಿಗೆ ತಳ್ಳುವುದು ಅವರ ಕೆಲಸ. ಒಳಗೆ ಕಬ್ಬಿಣದ ದಪ್ಪ ತಿರುಪು ತಿರುಗುತ್ತದೆ, ಒಂದು ಕಡೆ ಎಣ್ಣೆ ಇಳಿಯುತ್ತದೆ, ಇನ್ನೊಂದು ಕಡೆ ಹಿಂಡಿ ಬೀಳುತ್ತದೆ. ಕೈ ಒಳಗೆ ಹೋಗದಿರಲೆಂದು ಬಾಯಿಗೆ ಒಂದು ಜಾಲರಿ ಇತ್ತು. ಜಾಲರಿಗೆ ಕೊಬ್ಬರಿ ಸಿಕ್ಕಿಕೊಂಡು ಕೆಲಸ ನಿಧಾನವಾಗುತ್ತದೆ ಅಂತ ಮಿಲ್ಲಿನ ಸಾಹುಕಾರ ಶಿವರಾಮಯ್ಯ ಅದನ್ನು ಬಿಚ್ಚಿಸಿ ಗೋಡೆಗೆ ಒರಗಿಸಿಬಿಟ್ಟ. ಅದಾಗಿ ಸ್ವಲ್ಪ ದಿನಕ್ಕೆ ತಳ್ಳುವ ಕೋಲು ಮುರಿಯಿತು. ಇನ್ನೊಂದು ಕೋಲು ಬರುವ ತನಕ ಕೈಯಲ್ಲೇ ತಳ್ಳು ಅಂದರು. ಭಾವ ತಳ್ಳಿದರು. ತಿರುಪು ಬೆರಳನ್ನು ಹಿಡಿಯಿತು, ಬೆರಳು ಅಂಗೈಯನ್ನು ಎಳೆಯಿತು.

ಯಂತ್ರ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಬಿಡಿಸುವ ಹೊತ್ತಿಗೆ ಉಳಿದದ್ದನ್ನು ಕೈ ಅನ್ನುವ ಹಾಗಿರಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ಕತ್ತರಿಸಿದರು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಒಂದು ಬೆರಳು ಹೋದರೂ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತಾರೆ. ಭಾವನ ಕೈಗೆ ಮಣ್ಣು ಸಿಗಲಿಲ್ಲ, ಯಾಕೆಂದರೆ ಅದು ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಒಂದಿಷ್ಟು ಹಿಂಡಿಯಲ್ಲಿ ಹೋಗಿತ್ತು. ಆ ದಿನದ ಎಣ್ಣೆಯ ಡಬ್ಬ ಏನಾಯಿತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ನಾನು ಮಾತ್ರ ಅವತ್ತಿನಿಂದ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಟ್ಟೆ.

ಶಿವರಾಮಯ್ಯನ ದೊಡ್ಡತನ ಕೇಳಬೇಕು. ಆಸ್ಪತ್ರೆಗೆ ಎರಡು ಸಲ ಬಂದ, ಕಿತ್ತಳೆಹಣ್ಣು ತಂದ. "ಯಾವ್ದಕ್ಕೂ ಹೆದ್ರಬೇಡ ಕಣ್ಲಾ ಬೀರ, ನಾನು ಇರೋಗಂಟ ನಿನ್ ಮನೇಲಿ ಒಲೆ ಆರಾಕಿಲ್ಲ" ಎಂದ. ಭಾವ ವಾಪಸು ಬಂದ ಮೇಲೆ ಮಿಲ್ಲಿನ ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿಸಿ ಕಾವಲಿಗೆ ಕೂರಿಸಿದ. ಸಂಬಳ ಅರ್ಧ. ಕೈ ಅರ್ಧವಾಯಿತಲ್ಲ, ಅದಕ್ಕೇ ಇರಬೇಕು.

ಸಾಲುಮನೆಯಲ್ಲಿ ಕೂತರೆ ಮಿಲ್ಲಿನ ಸದ್ದು ಗೋಡೆಯೊಳಗಿಂದಲೇ ಬಂದ ಹಾಗೆ ಕೇಳುತ್ತದೆ. ಬೆಳಿಗ್ಗೆ ಯಂತ್ರ ಶುರುವಾದ ಕೂಡಲೇ ಭಾವನ ಮುಖ ಬಿಗಿದುಕೊಳ್ಳುತ್ತಿತ್ತು. ಇಲ್ಲದ ಬೆರಳುಗಳು ಮಡಚಿಕೊಳ್ಳುತ್ತಿದ್ದವಂತೆ, ಉಗುರು ಅಂಗೈಗೆ ನಾಟುತ್ತಿತ್ತಂತೆ, ಬಿಡಿಸೋಣವೆಂದರೆ ಬಿಡಿಸಲು ಕೈಗೆ ಸಿಗುತ್ತಿರಲಿಲ್ಲವಂತೆ. ಅಕ್ಕ ಇದನ್ನು ಹೇಳುವಾಗ ನನ್ನ ಕೈಯನ್ನು ಹಿಡಿದುಕೊಂಡೇ ಹೇಳುತ್ತಿದ್ದಳು. "ಇಲ್ಲಿಂದ ಎಲ್ಲಿಗಾದ್ರೂ ಹೋಗ್ಬೇಕು ಹನುಮಿ. ಈ ಸದ್ದು ಕೇಳ್ದಿರೋ ಕಡೆ. ಇಲ್ಲೇ ಇದ್ರೆ ಅದು ಇವ್ರನ್ನ ಪೂರ್ತಿ ಎಳ್ಕಂಡು ಬುಡುತ್ತೆ" ಎಂದಳು. ಭಾವ ಆಗಲೇ ಅರ್ಧ ಕರಗಿದ್ದರು. ಅನ್ನದ ಮುಂದೆ ಕೂತರೆ ಬಲಗೈ ತಟ್ಟೆಗೆ ಬರಲಿ ಅಂತ ಕಾಯುತ್ತ ಕೂತಿರುತ್ತಿದ್ದರು.

ಹೋಗಬೇಕೆಂದರೆ ಕೈಯಲ್ಲಿ ಏನಾದರೂ ಬೇಕಲ್ಲ. ನಾನು ಪಾಷಾ ಸಾಹೇಬರನ್ನು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ಕಪಾಟಿನಿಂದ ಒಂದು ಪುಸ್ತಕ ತೆಗೆದರು. ಅದರಲ್ಲಿ ಯಾವ ಅಂಗ ಎಲ್ಲಿಗೆ ಹೋದರೆ ದುಡಿಮೆಯ ಶಕ್ತಿ ಎಷ್ಟು ಪಾಲು ಹೋಯಿತೆಂದು ಸಾಲಾಗಿ ಬರೆದಿತ್ತು. ಹೆಬ್ಬೆರಳಿಗೆ ಇಷ್ಟು, ಕಣ್ಣಿಗೆ ಇಷ್ಟು, ಮೊಣಕೈ ಕೆಳಗೆ ಹೋದರೆ ಇಷ್ಟು. ಕುರಿ ಕೊಯ್ಯುವ ಅಂಗಡಿಯ ರೇಟು ಬರೆದಂತಿತ್ತು. ನನಗೆ ರೇಗಿಹೋಯಿತು.

"ರೇಗಬೇಡಿ ಹನುಮಕ್ಕ," ಎಂದರು ಪಾಷಾ ಸಾಹೇಬರು. "ಇದನ್ನ ಬರೆದಿಡದೇ ಹೋಗಿದ್ರೆ ಸಾಹುಕಾರ ಕೊಟ್ಟ ಕಿತ್ತಳೆಹಣ್ಣೇ ಪರಿಹಾರ ಆಗ್ತಿತ್ತು. ಕೆಲಸದಲ್ಲಿ, ಕೆಲಸದಿಂದ ಪೆಟ್ಟಾಗಿದೆ. ಕೂಲಿಯವನದ್ದೇ ಅಜಾಗರೂಕತೆ ಅಂತ ಹೇಳಿ ಮಾಲೀಕ ತಪ್ಪಿಸ್ಕೊಳ್ಳೋ ಹಾಗಿಲ್ಲ. ಕುಡಿದು ಬಂದಿದ್ರೆ, ಅಥವಾ ಬೇಕು ಅಂತ್ಲೇ ಆ ಜಾಲರಿನ ಇವರೇ ತೆಗೆದಿದ್ರೆ ಮಾತ್ರ ಬೇರೆ ಮಾತು. ಎರಡು ವರ್ಷದೊಳಗೆ ಲೇಬರ್ ಕಚೇರಿಗೆ ಅರ್ಜಿ ಹಾಕ್ಬೇಕು. ಅಷ್ಟೇ."

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಅರ್ಜಿ ಟೈಪು ಮಾಡಿಕೊಂಡು ಗುಬ್ಬಿಗೆ ಹೋದೆ. ಭಾವ ಓದು ಬಾರದವರು. ನಾನು ಓದಿ ಹೇಳಿದೆ. ಕೊನೆಯ ತನಕ ಕೇಳಿ, ತಲೆಯಾಡಿಸಿದರು.

"ಆಗಾಕಿಲ್ಲ ಹನುಮಕ್ಕ. ನಾನು ಆಣೆ ಮಾಡಿವ್ನಿ."

ನಡೆದದ್ದು ಹೀಗೆ. ಆ ವರ್ಷದ ಆಯುಧಪೂಜೆಯಲ್ಲಿ ಮಿಲ್ಲಿನ ಯಂತ್ರಕ್ಕೆಲ್ಲ ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಮಂಗಳಾರತಿ ಮಾಡಿದ್ದಾರೆ. ಎಲ್ಲರೂ ಆರತಿ ತೆಗೆದುಕೊಂಡಾದ ಮೇಲೆ ಶಿವರಾಮಯ್ಯ ತಟ್ಟೆಗೆ ಹೊಸದಾಗಿ ಕರ್ಪೂರ ಹಾಕಿ ಹಚ್ಚಿ ಭಾವನ ಮುಂದೆ ಹಿಡಿದಿದ್ದಾನೆ. "ನಾನು ನಿನ್ನ ಕೈ ಬಿಡಲ್ಲ, ನೀನು ಕೋರ್ಟು ಕಚೇರಿ ಅಂತ ನನ್ ಮೇಲೆ ಹೋಗಲ್ಲ. ಕರ್ಪೂರ ಮುಟ್ಟಿ ಹೇಳ್ಲಾ ಬೀರ." ಅವರ ಕೈ ಎಳೆದುಕೊಂಡ ಅದೇ ಯಂತ್ರದ ಮುಂದೆ, ಇಡೀ ಮಿಲ್ಲಿನವರ ಎದುರಿಗೆ. ಭಾವ ಕರ್ಪೂರದ ಮೇಲೆ ಕೈಯಿಟ್ಟು ಹೇಳಿಬಿಟ್ಟಿದ್ದಾರೆ.

ನಾನು ತಲೆ ಚಚ್ಚಿಕೊಂಡೆ. ಅಕ್ಕನಿಗೂ ಅವತ್ತೇ ಗೊತ್ತಾದದ್ದು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಗಂಡನ ಮುಂದೆ ನಿಂತಳು.

"ಯಾವ ಕೈಯಿಟ್ರಿ?"

"ಇರೋದು ಒಂದೇ ಅಲ್ವಾ ರಂಗಿ. ಎಡಗೈ."

"ಸರಿ ಮತ್ತೆ! ಎಡಗೈಲಿ ಯಾರಾದ್ರೂ ಆಣೆ ಮಾಡ್ತಾರಾ? ಎಡಗೈಲಿ ಪ್ರಸಾದ ಈಸ್ಕಳಲ್ಲ, ಎಡಗೈಲಿ ಕುಂಕುಮ ಇಡಲ್ಲ. ಆ ಕೈಲಿ ಇಟ್ಟ ಆಣೇನ ಯಾವ ದೇವ್ರೂ ಲೆಕ್ಕಕ್ಕೆ ಹಾಕ್ಕಳಾಕಿಲ್ಲ. ಅದು ಆಣೆನೇ ಅಲ್ಲ."

ನಮ್ಮಕ್ಕ ವಕೀಲೆಯಾಗಬೇಕಿತ್ತು ಅಂತ ನನಗೆ ಅನಿಸಿತು. ನಮ್ಮ ಊರುಕಡೆ ಆಣೆಯ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಮಾತಿಲ್ಲ, ಯಾರಿಗೆ ಹೇಳಿದರೂ ಒಪ್ಪುತ್ತಾರೆ. ಭಾವ ಒಪ್ಪಲಿಲ್ಲ. ಅಂಗಿಯ ಗಂಟನ್ನು ನೋಡುತ್ತ ಮೆಲ್ಲಗೆ ಹೇಳಿದರು.

"ಎಡಗೈ ಇಟ್ಟೆ ಕಣೇ. ಎಡಗೈಗೆ ಏನೂ ಆಗ್ನಿಲ್ಲ. ಸುಟ್ಟಿದ್ದು ಬಲಗೈ. ಆ ಅಂಗೈ ಚುರ್ ಅಂತು. ಅವತ್ತು ಹತ್ತಿದ ಉರಿ ಇವತ್ತಿಗೂ ಆರಿಲ್ಲ. ಆ ಕೈನೇ ಬಂದು ಕರ್ಪೂರ ಮುಟ್ಟೈತೆ. ನಾನು ಹೆಂಗೆ ಇಲ್ಲ ಅನ್ಲಿ?"

 ನಾನು ಯಾಕೋ ಅವರ ಬಲಗಡೆಯ ನೆಲವನ್ನು ನೋಡಿದೆ, ನೋಡಿ ಕಾಲು ಹಿಂದಕ್ಕೆ ಎಳೆದುಕೊಂಡೆ.

ಪಾಷಾ ಸಾಹೇಬರಿಗೆ ಹೇಳಿದಾಗ ಅವರು ನಗಲಿಲ್ಲ. ಭಾವನನ್ನು ಆಫೀಸಿಗೆ ಕರೆಸಿ, ಬಲಗಡೆಯ ಕುರ್ಚಿಯನ್ನು ಖಾಲಿ ಬಿಟ್ಟು ಕೂರಿಸಿ, ಸಮಾಧಾನವಾಗಿ ವಿವರಿಸಿದರು. ಪರಿಹಾರ ಬೇಡ ಅಂತ ಕೂಲಿಯವನು ಮಾಲೀಕನಿಗೆ ಬರೆದುಕೊಟ್ಟರೂ ಅಷ್ಟೇ, ಬಾಯಲ್ಲಿ ಹೇಳಿದರೂ ಅಷ್ಟೇ, ಆ ಮಾತು ನಿಲ್ಲುವುದಿಲ್ಲ, ಹಕ್ಕು ಹಾಗೇ ಇರುತ್ತದೆ, ಬಡವರನ್ನು ಹೆದರಿಸಿ ಇಂಥದ್ದು ಮಾಡಿಸುತ್ತಾರೆ ಅಂತಲೇ ಕಾನೂನಿನಲ್ಲಿ ಹಾಗೆ ಬರೆದಿದೆ ಅಂದರು. ಭಾವ ಕೈ ಮುಗಿಯುವ ಹಾಗೆ ಎಡಗೈಯೊಂದನ್ನೇ ಎದೆಗೆ ತಂದರು.

"ನೀವು ಹೇಳಾದು ಸರಿ ಸ್ವಾಮಿ. ಕಾನೂನು ಒಪ್ತದೆ. ಉರಿ ಒಪ್ಪಬೇಕಲ್ಲ?"

ಕಾನೂನಿನ ಮಾತೂ ನಡೆಯದ ಮೇಲೆ ದೇವರನ್ನೇ ಕೇಳೋಣ ಅಂದಳು ಅಕ್ಕ. ತಿಳಿಯದೆ ಇಟ್ಟ ಆಣೆಯನ್ನು ಬಿಡಿಸುವ ಪದ್ಧತಿ ಉಂಟು, ದೇವರಿಗೆ ತಪ್ಪುಕಾಣಿಕೆ ಕಟ್ಟಿ ಬಿಡಿಸಿಕೊಳ್ಳುತ್ತಾರೆ. ಮೂವರೂ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಾಯಿಸಿ ಹುತ್ರಿದುರ್ಗಕ್ಕೆ ಹೋದೆವು. ಬೆಟ್ಟದ ಬುಡದಲ್ಲಿ ಭಾವನ ಮನೆದೇವರ ಗುಡಿ. ಪೂಜಾರಿ ಬೆಟ್ಟಯ್ಯ ಭಾವನಿಗೆ ದೊಡ್ಡಪ್ಪನಾಗಬೇಕು. ಎಲ್ಲ ಕೇಳಿ, ಭಾವನನ್ನು ಗುಡಿಯ ಮುಂದೆ ಕೂರಿಸಿ, ಅಂಗಿಯ ಗಂಟು ಬಿಚ್ಚಿಸಿದರು. ಮೋಟುಕೈಯ ತುದಿಗೆ ತೀರ್ಥ ಹಾಕಿದರು. ತೀರ್ಥ ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕಿತು. "ಅಂಗೈಗೆ ತಣ್ಣಗೆ ಆಯ್ತೇನಪ್ಪ?" ಎಂದು ಕೇಳಿದರು.

ಭಾವ ಕಣ್ಣು ಮುಚ್ಚಿ ನೋಡಿಕೊಂಡರು. "ಇಲ್ಲ ದೊಡ್ಡಪ್ಪ. ಅಲ್ಲಿಗಂಟ ಹೋಗ್ನಿಲ್ಲ."

ಬೆಟ್ಟಯ್ಯ ತೀರ್ಥದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ, ಆಣೆ ಇಡಿಸಿದವನೂ ಬಂದು ನಿಂತು ‘ಬಿಟ್ಟೆ’ ಅನ್ನಬೇಕು, ಒಬ್ಬನಿಂದ ಆಗುವುದಿಲ್ಲ ಎಂದರು. ಅಕ್ಕ ಆ ಮಾತನ್ನೂ ಬಿಡಲಿಲ್ಲ. ನೇರವಾಗಿ ಶಿವರಾಮಯ್ಯನ ಮನೆ ಬಾಗಿಲಿಗೆ ಹೋಗಿ ಬೇಡಿಕೊಂಡಳು. ಅವನು ಎಲೆಅಡಿಕೆ ಹಾಕುತ್ತ, "ದೇವ್ರ ಮುಂದೆ ಆಗಿದ್ದು ಕಣಮ್ಮ, ನಾನ್ಯಾರು ಬಿಡಿಸೋಕೆ?" ಎಂದನಂತೆ. ದೇವರನ್ನು ಅವನು ಕಾವಲಿಗೆ ಕೂರಿಸಿಕೊಂಡಿದ್ದ, ನಮ್ಮ ಭಾವನ ಪಕ್ಕದಲ್ಲೇ ಇನ್ನೊಂದು ಸ್ಟೂಲು ಹಾಕಿ.

ಕಾಲ ಹೋಗುತ್ತಿತ್ತು. ಟೈಪಾದ ಅರ್ಜಿ ಅಕ್ಕನ ಮನೆಯ ಗಡಿಗೆಯೊಂದರಲ್ಲಿ ಹಾಗೇ ಕೂತಿತ್ತು. ನಾನು ಆಫೀಸಿನಲ್ಲಿ ಬೇರೆ ಯಾರದೋ ದಾವೆ ಟೈಪು ಮಾಡುತ್ತಿದ್ದರೂ ನನ್ನ ಬಲಗೈ ಬೆರಳುಗಳು ತಣ್ಣಗಾಗುತ್ತಿದ್ದವು. ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಒಬ್ಬಳೇ ಇರುವ ಹೆಂಗಸು ಇಂಥದ್ದು ಹೇಳಿದರೆ ಏನಂತಾರೆ ಅಂತ ಗೊತ್ತಿತ್ತು.

ಎಪ್ಪತ್ತೇಳರ ಕೊನೆಯಲ್ಲಿ ಒಂದು ದಿನ ಅಕ್ಕ ಆಫೀಸಿಗೆ ಬಂದು ಅರ್ಜಿಯನ್ನು ಮೇಜಿನ ಮೇಲೆ ಇಟ್ಟಳು. ಕೆಳಗೆ ಎಡಗೈ ಹೆಬ್ಬೆಟ್ಟು ಬಿದ್ದಿತ್ತು. "ಒಪ್ಪಿದ್ರಾ?" ಅಂದೆ. "ಹಾಕ್ಬುಡು," ಅಂದಳು, ನೀರು ಕೂಡ ಕುಡಿಯದೆ ಹೊರಟುಬಿಟ್ಟಳು. ಪಾಷಾ ಸಾಹೇಬರು ಸಂತೋಷದಿಂದ ಅರ್ಜಿ ಹಾಕಿದರು. ನೋಟಿಸು ಹೋಯಿತು, ವಾಯಿದೆ ಬಿತ್ತು, ಮತ್ತೆ ವಾಯಿದೆ ಬಿತ್ತು. ಶಿವರಾಮಯ್ಯ ಭಾವನನ್ನು ಗೇಟಿನಿಂದ ಎಬ್ಬಿಸಿ, ಸ್ಟೂಲನ್ನು ಒಳಗೆ ಇಡಿಸಿದ. ಭಾವ ಮಾತ್ರ ಜಪ್ಪಯ್ಯ ಅನ್ನದೆ ಮನೆಯಲ್ಲಿ ಕೂತರು.

ಮಾರನೇ ವರ್ಷದ ಬೇಸಿಗೆಯಲ್ಲಿ ವಿಚಾರಣೆ ಬಂತು. ತುಮಕೂರಿನ ಲೇಬರ್ ಕಚೇರಿಯ ಪಡಸಾಲೆಯಲ್ಲಿ ನಾವು ಕೂಗುವುದನ್ನೇ ಕಾಯುತ್ತ ನಿಂತಿದ್ದಾಗ ಅಕ್ಕ ನನ್ನನ್ನು ಕಂಬದ ಮರೆಗೆ ಎಳೆದಳು.

"ಹನುಮಿ, ಅದು ಅವ್ರು ಒತ್ತಿದ್ದಲ್ಲ ಕಣೇ."

"ಏನು?"

"ಹೆಬ್ಬೆಟ್ಟು. ಜ್ವರ ಬಂದು ಮಧ್ಯಾಹ್ನ ಮಲಗಿದ್ರು. ಕಣ್ಣಿಗೆ ಹಚ್ಚೋ ಕಾಡಿಗೆ ಬಳಿದು ನಾನೇ ಒತ್ತಿಸ್ಕಂಡೆ. ಆಣೆ ಮುರಿದ್ರೆ ನನ್ ತಲೆ ಮೇಲೆ ಬರ್ಲಿ ಅಂತ. ಅವ್ರಿಗೆ ಆಮೇಲೆ ಗೊತ್ತಾಯ್ತು. ಒಂದು ಮಾತೂ ಅನ್ನಲಿಲ್ಲ ನನ್ನ. ಅದೇ ನಂಗೆ ಭಯ."

 ಬೈಯಬೇಕೆಂದು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ. ಪಾಷಾ ಸಾಹೇಬರಿಗೆ ಹೇಳುವಷ್ಟು ಹೊತ್ತೂ ಸಿಗಲಿಲ್ಲ, ಒಳಗೆ ಕೂಗಿದರು. ಒಳಗೆ ಹೋದರೆ ಭಾವನಿಂದಲೂ ಪ್ರಮಾಣ ಮಾಡಿಸುತ್ತಾರೆ. ಪ್ರಮಾಣ ಮಾಡಿ ಸುಳ್ಳು ಹೇಳುವ ಮನುಷ್ಯ ಅವರಲ್ಲ. ಇದು ನೀನು ಒತ್ತಿದ್ದೇನಯ್ಯ ಅಂತ ಕೇಳಿದರೆ ಅಲ್ಲ ಅಂತಾರೆ. ಅಲ್ಲಿಗೆ ಕೇಸು ಮುಗಿಯುತ್ತದೆ, ಅಕ್ಕನ ಮೇಲೆ ಬೇರೆ ಕೇಸು ಬಿದ್ದರೂ ಬಿತ್ತು, ಮತ್ತೆ ಅದೇ ಸಾಲುಮನೆ, ಅದೇ ಸದ್ದು.

ಅಧಿಕಾರಿ ಸಣ್ಣಗಿನ ಮನುಷ್ಯ, ಮೇಜಿನ ಮೇಲೆ ಟವೆಲು ಮಡಚಿಟ್ಟುಕೊಂಡು ಆಗಾಗ ಕತ್ತು ಒರೆಸಿಕೊಳ್ಳುತ್ತಿದ್ದರು. ಅರ್ಜಿಯೇ ಸುಳ್ಳು ಅಂತ ಸಾಹುಕಾರನ ಕಡೆಯವರು ತಕರಾರು ಎತ್ತಿದ್ದರಿಂದ ಮೊದಲು ಅವನನ್ನೇ ಹೇಳಲು ಕರೆದರು. ಶಿವರಾಮಯ್ಯ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದಿದ್ದ. ಬಲಗೈ ಎತ್ತಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದ. ಆಮೇಲೆ ಸರಾಗವಾಗಿ ಹೇಳಿದ. ಜಾಲರಿ ಬಿಚ್ಚಿದವನು ಚಿಕ್ಕಬೀರಯ್ಯನೇ, ಬೇಡವೆಂದು ತಾನು ಹೇಳಿದರೂ ಕೇಳಲಿಲ್ಲ, ತನ್ನದೇ ತಪ್ಪು ಅಂತ ಅವನೇ ಒಪ್ಪಿಕೊಂಡಿದ್ದಾನೆ, ಏನೂ ಕೇಳುವುದಿಲ್ಲ ಅಂತ ಆಯುಧಪೂಜೆಯಲ್ಲಿ ಎಲ್ಲರ ಮುಂದೆ ಹೇಳಿದ್ದಾನೆ, ಈ ಅರ್ಜಿ ಇವನದಲ್ಲ, ಹೆಂಗಸರು ಕೂಡಿ ಆಡಿಸಿದ ನಾಟಕ.

ನಾನು ಭಾವನ ಮುಖ ನೋಡಿದೆ. ಅವರು ಶಿವರಾಮಯ್ಯನ ಮುಖವನ್ನು ನೋಡುತ್ತಿರಲಿಲ್ಲ. ಅವನು ಪ್ರಮಾಣಕ್ಕೆ ಎತ್ತಿದ್ದ ಕೈ ಈಗ ಮೇಜಿನ ಅಂಚಿನ ಮೇಲೆ ಇತ್ತು. ಅದನ್ನೇ ನೋಡುತ್ತಿದ್ದರು.

ಪಾಷಾ ಸಾಹೇಬರು ಎದ್ದರು. "ಜಾಲರಿ ಇವರೇ ಬಿಚ್ಚಿದ್ರು ಅಂತಲೇ ಇಟ್ಟುಕೊಳ್ಳೋಣ. ಇವರ ಕೈ ಹೋದ ಮೇಲೆ ನೀವು ಅದನ್ನ ವಾಪಸ್ ಹಾಕಿಸಿರಬೇಕಲ್ಲ?"

ಶಿವರಾಮಯ್ಯ ತಡವರಿಸಿದ. "ಹಾಕಿಸ್ಬೇಕು ಅಂತ ಇದೀನಿ."

"ಈಗ ಆ ಬಾಯಿಗೆ ಕೊಬ್ಬರಿ ತಳ್ಳೋರು ಯಾರು?"

"ಓಬಳಯ್ಯ ಅಂತ ಒಬ್ಬ."

"ಜಾಲರಿ ಇಲ್ಲದೇನೇ?"

ಅವನು ತನ್ನ ವಕೀಲನ ಕಡೆ ನೋಡಿದ. ಅಧಿಕಾರಿ ಕತ್ತು ಒರೆಸಿಕೊಳ್ಳುವುದನ್ನು ನಿಲ್ಲಿಸಿ ಏನೋ ಬರೆದುಕೊಂಡರು. ಆಮೇಲೆ ಭಾವನನ್ನು ಕರೆದರು. ಪ್ರಮಾಣ ಮಾಡುವಾಗ ಭಾವ ಎಡಗೈ ಎತ್ತಲಿಲ್ಲ. ಅಂಗಿಯ ಗಂಟನ್ನೇ ಮೇಲಕ್ಕೆತ್ತಿ ಹಿಡಿದರು. ಗುಮಾಸ್ತ ಬೇಡವೆನ್ನಲು ಹೊರಟವನು ಅಧಿಕಾರಿಯ ಕಡೆ ನೋಡಿ ಸುಮ್ಮನಾದ.

"ಈ ಹೆಬ್ಬೆಟ್ಟು ನೀನು ಒತ್ತಿದ್ದೇನಯ್ಯ?"

"ಅಲ್ಲ ಸ್ವಾಮಿ. ನಾನು ಮಲಗಿದ್ದೆ. ನನ್ ಹೆಂಡ್ತಿ ಒತ್ತಿಸ್ಕಂಡ್ಲು."

ಅಕ್ಕ ನನ್ನ ತೋಳಿಗೆ ಉಗುರು ನಾಟಿದಳು. ಶಿವರಾಮಯ್ಯನ ವಕೀಲ ಆಗಲೇ ಎದ್ದು ನಿಂತಿದ್ದ. ಪಾಷಾ ಸಾಹೇಬರ ಮುಖ ಬಿಳಿಚಿಕೊಂಡಿತು, ಆದರೂ ಮೊದಲು ಮಾತಾಡಿದವರು ಅವರೇ. "ಸ್ವಾಮಿ, ಅರ್ಜಿ ಹಾಕೋ ಎರಡು ವರ್ಷದ ಗಡುವು ತುಂಬೋಕೆ ಇನ್ನೂ ಕೆಲವು ದಿನ ಇದೆ. ಮನುಷ್ಯ ನಿಮ್ಮ ಎದುರಿಗೇ ನಿಂತಿದ್ದಾರೆ. ಅವರನ್ನೇ ಕೇಳಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಚಿಕ್ಕಬೀರಯ್ಯ, ನೋಡು. ಯಾರು ಏನು ಹೇಳಿದ್ರು ಅನ್ನೋದೆಲ್ಲ ಬಿಡು. ನಿನಗೆ ಪರಿಹಾರ ಬೇಕೋ, ಬೇಡವೋ? ನಿನ್ನ ಬಾಯಲ್ಲೇ ಹೇಳು."

ಬೇಡ ಅಂತಾರೆ ಅಂತಲೇ ನಾನು ಅಂದುಕೊಂಡೆ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅಂಗಿಯ ಗಂಟು ನಡುಗುತ್ತಿತ್ತು. ಆ ನಡುಕ ಗಂಟಿಗೆ ಮುಗಿಯದೆ ಮುಂದೆ, ಏನೂ ಇಲ್ಲದ ಕಡೆಗೂ ಹೋಗುತ್ತಿದೆ ಎಂದು ನನಗೆ ಕಂಡಿತು. ಕಂಡಿತು ಅಂತಲೇ ಹೇಳುತ್ತೇನೆ, ಯಾರು ಬೇಕಾದರೂ ನಗಲಿ. ಭಾವ ಅಧಿಕಾರಿಯ ಕಡೆ ನೋಡದೆ ಶಿವರಾಮಯ್ಯನ ಕಡೆ ತಿರುಗಿದರು.

"ಸಾವ್ಕಾರ್ರೆ, ನಿಮ್ ಕೈ ಉರೀತಾ ಇಲ್ವ್ರಾ?"

"ಏನ್ಲಾ?"

"ಈಗ ದೇವ್ರ ಹೆಸ್ರೇಳಿ ಎತ್ತಿದ್ರಲ್ಲ, ಆ ಕೈ. ಉರೀತಾ ಇಲ್ವಾ?"

ಅದರಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವರಿಗೆ. ಒಂದೇ ರೋಗದವರು ಒಬ್ಬರನ್ನೊಬ್ಬರು ವಿಚಾರಿಸುವ ಹಾಗೆ ಕೇಳಿದರು. ಅದಕ್ಕೇ ಏನೋ, ಶಿವರಾಮಯ್ಯನೂ ತನಗೆ ಗೊತ್ತಿಲ್ಲದೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ದಪ್ಪನೆಯ ಅಂಗೈ, ಕೆಂಪಗೆ, ಆರೋಗ್ಯವಾಗಿ ಇತ್ತು.

"ಇಲ್ಲಪ್ಪ. ಯಾಕೆ ಉರೀತದೆ?" ಎಂದ.

ಭಾವ ತಲೆಯಾಡಿಸಿದರು. ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ ಸ್ವಲ್ಪ ಹೊತ್ತು ನಿಂತರು. ನಂತರ ಅಧಿಕಾರಿಯ ಕಡೆ ತಿರುಗಿದರು.

"ಬೇಕು ಸ್ವಾಮಿ. ನಾನು ಆಣೆ ಮಾಡಿದ್ದು ನಿಜ. ಮುರೀತಾ ಇವ್ನಿ. ನನ್ ಹೆಂಡ್ತಿ ಮೇಲೆ ಬ್ಯಾಡ, ನನ್ ಮೇಲೆ ಬರ್ಲಿ. ಜಾಲರಿ ಬಿಚ್ಚಿಸಿದ್ದು ಸಾವ್ಕಾರ್ರು. ಮಸಿ ಕೊಡಿ."

ಗುಮಾಸ್ತ ಮಸಿಯ ಪ್ಯಾಡು ತಂದ. ಭಾವ ಎಡಗೈ ಹೆಬ್ಬೆಟ್ಟನ್ನು ಒತ್ತಿ, ಕಾಗದದ ಮೇಲೆ ನಿಧಾನವಾಗಿ ಊರಿದರು. ಒತ್ತುವಾಗ ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. ನೋವಾಗಿದ್ದು ಒತ್ತಿದ ಕೈಗಲ್ಲ ಅಂತ ಆ ಕೋಣೆಯಲ್ಲಿ ಅಕ್ಕನಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ಅಧಿಕಾರಿ ಅಕ್ಕನನ್ನು ಗದರಿಸಿ ಬಿಟ್ಟರು. ಆದೇಶ ಮುಂದಿನ ತಿಂಗಳು ಬಂತು, ನಮ್ಮ ಕಡೆಗೇ ಬಂತು. ಶಿವರಾಮಯ್ಯ ಕಚೇರಿಗೇ ಹಣ ಕಟ್ಟಬೇಕಾಯಿತು. ಅದರಲ್ಲಿ ಅಕ್ಕ ಭಾವ ಸಾಲುಮನೆ ಬಿಟ್ಟು, ಊರ್ಡಿಗೆರೆಯ ಕಡೆ ಸಣ್ಣದೊಂದು ಅಂಗಡಿ ಇಟ್ಟುಕೊಂಡರು. ಅದೆಲ್ಲ ಆಮೇಲಿನ ಮಾತು.

ಆ ಸಂಜೆ ಗುಬ್ಬಿಯ ಬಸ್ಸಿನಲ್ಲಿ ಅವರಿಬ್ಬರನ್ನು ಬಿಟ್ಟು ಬರಲು ನಾನೂ ಹತ್ತಿದ್ದೆ. ಬಸ್ಸು ಕಿಕ್ಕಿರಿದಿತ್ತು. ಭಾವ ಕಿಟಕಿಗೆ ತಲೆಯೊರಗಿಸಿ, ತುಟಿ ಕಚ್ಚಿಕೊಂಡು ಕೂತಿದ್ದರು. ಮಲ್ಲಸಂದ್ರ ದಾಟುವ ಹೊತ್ತಿಗೆ ಅವರ ಕಣ್ಣಿನಲ್ಲಿ ನೀರು ಸುರಿಯಲು ಶುರುವಾಯಿತು.

"ಉರೀತೈತೇನ್ರೀ?" ಎಂದಳು ಅಕ್ಕ.

"ಹೂಂ. ಇವತ್ತು ಜಾಸ್ತಿ. ಉರೀಲಿ ಬುಡು. ನಾನೇ ಮುರಿದಿದ್ದಲ್ವಾ."

ಇಷ್ಟು ದಿನ ನಮ್ಮಕ್ಕ ಆ ಉರಿಯನ್ನು ಒಪ್ಪಿರಲಿಲ್ಲ. ಇಲ್ಲದ ಕೈ ಹೇಗೆ ಉರಿಯುತ್ತದೆ ಅಂತ ಜಗಳಾಡಿದ್ದಳು, ಬೈದಿದ್ದಳು, ಅತ್ತಿದ್ದಳು.  ಈಗ ಇಡೀ ಬಸ್ಸಿನ ಜನ ನೋಡುತ್ತಿದ್ದಂತೆಯೇ ಸೀಟಿನಿಂದ ಜಾರಿ, ಅವರ ಮುಂದೆ ಮಂಡಿಯೂರಿ ಕೂತಳು. ಅಂಗಿಯ ಗಂಟಿನ ಮುಂದೆ, ಗಾಳಿಯಲ್ಲಿ, ಎರಡು ಕೈಯನ್ನೂ ಬೊಗಸೆ ಮಾಡಿ ಹಿಡಿದಳು. ಬಾಗಿ, ಮಗುವಿನ ಸುಟ್ಟ ಬೆರಳಿಗೆ ಊದುವ ಹಾಗೆ, ಮೆಲ್ಲಗೆ ಊದತೊಡಗಿದಳು. ಕಂಡಕ್ಟರು ಟಿಕೆಟ್ಟು ಕೇಳಲು ಬಂದವನು ಹಾಗೇ ನಿಂತ.

ಭಾವ ಕಣ್ಣು ಮುಚ್ಚಿದರು.

"ಅಲ್ಲಲ್ಲ ರಂಗಿ," ಎಂದರು. "ಇನ್ನೊಂಚೂರು ಕೆಳಗೆ."